ಖಾಲಿ ಮನೆ

ಏಳು ನಸೀರೂ. ಒಳ್ಳೆ ಅಂಗಿ ಹುಡುಕಬೇಡ,
ತೋಳು ಮೇಲಕ್ಕೆ ಮಡಿಚಲು ಬಂದರೆ ಸಾಕು.
ಇಗೋ ನಿನ್ನ ಹಳದಿ ಕಾರ್ಡು, ಸಕ್ಕರೆ ಡಬ್ಬಿಯ ತಳದಲ್ಲಿತ್ತು.
ಇರುವೆ ಒಂದು ಮೂಲೆ ತಿಂದಿವೆ,
ಹೆಸರು ಬಿಟ್ಟಿವೆ.

ಹುಟ್ಟಿದ ವಾರಕ್ಕೊಂದು ಸಹಿ, ಒಂದೂವರೆ ತಿಂಗಳಿಗೆ ಇನ್ನೊಂದು.
ದಡಾರದ ಸೂಜಿಯ ದಿನ ನೀನು
ನರ್ಸಮ್ಮನ ಮಣಿಸರ ಹರಿದೆ,
ನೆಲದಲ್ಲಿ ಕೂತು ಒಂದೊಂದೇ ಆರಿಸಿ ಕೊಟ್ಟೆ ನಾನು.
ಆಮೇಲಿನ ಮನೆಗಳೆಲ್ಲ ಖಾಲಿ.
ನೀನು ಓಡಲು ಕಲಿತೆ,
ನಾನು ಅಲಸಂದೆ ವಡೆ ಕರಿಯುತ್ತ ಬೀದಿಯಲ್ಲಿ ಕೂತೆ.
ಎದೆಯುದ್ದ ಬೆಳೆದ ಮಗನಿಗೆ
ಯಾರು ದಿನ ಎಣಿಸುತ್ತಾರೆ?

ಈಗ ತುಟಿಯ ಮೇಲೆ ಮಸಿ ಒರೆಸಿದಷ್ಟು ಮೀಸೆ.
ಸೂಜಿ ಕೂಸುಗಳಿಗೆ ಅನ್ನುತ್ತೀ.
ಗಂಡಸುತನ ಹೋಗುತ್ತದಂತೆ,
ಯಾರದೋ ಫೋನಿನಲ್ಲಿ ಬಂದಿತ್ತಂತೆ.
ಈ ‘ಅಂತೆ’ಗೆ ಕಾಲಿಲ್ಲ, ಆದರೂ
ಜಿಂದೇರ್ ಪೇಟೆ ಪೂರಾ ಸುತ್ತಿ
ನಿನ್ನ ಚಾಪೆಗೇ ಬಂದು ಮಲಗುತ್ತದೆ.

ಲವಾಲಿ ಮಾವ ಗೊತ್ತಲ್ಲ,
ಹೊಲಿಗೆ ಯಂತ್ರದ ಮೇಲೆ ಅಂಗೈಯಿಟ್ಟು
ದಾರ ಕಡಿದದ್ದನ್ನು ತಿಳಿಯುವವನು.
ಹುಟ್ಟು ಕಿವುಡ ಅಂದುಕೊಂಡಿದ್ದೀ.
ಅಲ್ಲ ಮಗನೆ. ಅವನು ಹಾಡುತ್ತಿದ್ದ, ಬಹಳ ಕೆಟ್ಟದಾಗಿ,
ಬಾವಿಗೆ ಬಗ್ಗಿ, ತನ್ನ ದನಿ ದೊಡ್ಡದಾಗಿ ಮೇಲೆ ಬರಲೆಂದು.
ಆಗ ಅವನಿಗೆ ಹದಿನಾಲ್ಕು.
ಹಾರ್ಮಟಾನ್ ಗಾಳಿಗೆ ಎಲ್ಲರ ತುಟಿ ಒಡೆದಿತ್ತು.
ಸೋಮವಾರ ತಲೆನೋವು ಅಂದ.
ಮಂಗಳವಾರ ಕುತ್ತಿಗೆ ಒನಕೆಯಂತೆ ಸೆಟೆಯಿತು.
ಆ ತಿಂಗಳು ನಮ್ಮ ಬೀದಿಯಲ್ಲಿ
ಏಳು ಮನೆಯ ಒಲೆ ಹತ್ತಲಿಲ್ಲ.
ಇವನು ಉಳಿದ.
ಕಣ್ಣು ಬಿಟ್ಟು ಕೇಳಿದ,
ಅಕ್ಕಾ, ಎಲ್ಲರೂ ಯಾಕೆ ಪಿಸುಗುಡುತ್ತಿದ್ದೀರಿ?

ನಾವು ಕೂಗುತ್ತಿದ್ದೆವು.

ಲಸಿಕೆಯ ಲಾರಿ ಬಂದದ್ದು ಹದಿನೈದು ದಿನ ತಡವಾಗಿ.
ಸಾಲಿನಲ್ಲಿ ನನ್ನ ಹಿಂದೆ ಅವನ ಜಾಗ ಬಿಟ್ಟು ನಿಂತಿದ್ದೆ,
ಯಾಕೆಂದು ಈಗಲೂ ಗೊತ್ತಿಲ್ಲ.

ಹೊರಗೆ ನೋಡು, ಬಂದು ನಿಂತಿದ್ದಾನೆ,
ಅಳತೆ ಟೇಪು ಕೊರಳಲ್ಲೇ ಇದೆ, ಅಂಗಡಿ ಮುಚ್ಚಿ ಬಂದಿದ್ದಾನೆ.
ನಾನು ಬರುವುದಿಲ್ಲ, ಎಣ್ಣೆ ಕಾದಿದೆ,
ತಾಯಿಯ ಕೈ ಹಿಡಿದು ಹೋದ ಎಂದು
ಹುಡುಗರು ನಗುವುದೂ ಬೇಡ.
ಅವನ ಜೊತೆ ಹೋಗು.
ಆದರೆ ಕಿವಿ ತೆರೆದಿರಲಿ,
ನಿನ್ನ ಹೆಸರು ಕೂಗಿದಾಗ
ಅವನಿಗೆ ಕೇಳಿಸದು.

ಬರುವಾಗ ಉಪ್ಪು ತಾ.
ಕಾರ್ಡು ಮಡಚಬೇಡ.