ಪಿಂಗಾಣಿ ಒರೆಸಿದ ರಾತ್ರಿ

ಬೂದಿ ಅಂದರು ರೇಡಿಯೊದಲ್ಲಿ.
ನನಗೆ ಗೊತ್ತಿದ್ದ ಬೂದಿ ಒಲೆಯದು,
ಜಾರುವ ಹಾವುಮೀನೂ ಹಿಡಿತಕ್ಕೆ ಬರಲೆಂದು
ಅವ್ವ ಅಂಗೈಗೆ ಬಳಿದುಕೊಳ್ಳುತ್ತಿದ್ದದ್ದು.

ಇದು ಹಾಗಲ್ಲ.
ಮಿರ್ಬಾತಿನ ಮೇಲೆ ಮೂರು ದಿನ ಸದ್ದಿಲ್ಲದೆ ಇಳಿದದ್ದು
ಯಾವ ಸೌದೆಯೂ ಸುಟ್ಟು ಬಿಟ್ಟದ್ದಲ್ಲ.
ಸಮುದ್ರದಾಚೆ ಎಲ್ಲೋ ಒಂದು ಗುಡ್ಡ
ಹೊಟ್ಟೆಯೊಳಗಿನ ಕಲ್ಲನ್ನೇ ಕಾರಿ
ಗಾಜು ಮಾಡಿ, ಗಾಜನ್ನು ಹಿಟ್ಟು ಮಾಡಿ
ಗಾಳಿಯ ಕೈಗೆ ಕೊಟ್ಟದ್ದು.
ಹಲ್ಲಿಗೆ ಸಿಕ್ಕರೆ ಕರಕರ. ಉಜ್ಜಿದರೆ ಕಣ್ಣು ಕೆಂಡ.

ಮೊದಲು ನಿಂತದ್ದು ವಿಮಾನ.
ಸಲಾಲಾದಲ್ಲಿ ರನ್‌ವೇಯ ಗೆರೆಗಳೇ ಅಳಿಸಿಹೋಗಿ
ಇಂಜಿನ್ನುಗಳ ಬಾಯಿಗೆ ಬಟ್ಟೆ ಬಿಗಿದಿದ್ದರಂತೆ
ಒಕ್ಕುವ ಎತ್ತಿಗೆ ಕುಕ್ಕೆ ಹಾಕಿದ ಹಾಗೆ.
ವೈಪರ್ ಹಾಕಿದವರ ಗಾಜಿನಲ್ಲಿ ಕಮಾನಿನಂಥ ಗೀರು.
ನೀರಿನ ಸ್ಥಾವರ, ಸಮುದ್ರ ಹೀರುವ ತನ್ನ ಕೊಳವೆಯನ್ನು
ಎರಡನೇ ದಿನ ಮುಚ್ಚಿಕೊಂಡಿತು.
ಮೂರನೇ ದಿನ ಮೀನುಪೇಟೆಯ ತಗಡಿನ ಮಾಡು
ಬಿತ್ತು ಎನ್ನಲಾರೆ,
ದಣಿದ ಒಂಟೆ ಮಂಡಿಯೂರಿದಂತೆ ಕೂತುಬಿಟ್ಟಿತು.
ಒಳಗೆ ಯಾರೂ ಇರಲಿಲ್ಲ, ಒಂದು ತಕ್ಕಡಿ ಬಿಟ್ಟರೆ.

ನಮ್ಮ ಚಿಂತೆ ಬೇರೆ:
ಕಂಬದಿಂದ ತಂತಿಯನ್ನು ದೂರ ಹಿಡಿದಿರುವ
ಪಿಂಗಾಣಿ ಬಟ್ಟಲುಗಳ ಸರ.
ಒಣಗಿದ್ದಾಗ ಈ ಬೂದಿ ಸಾಧು. ಒದ್ದೆಯಾಯಿತೋ,
ಕರೆಂಟಿಗೆ ಅದೇ ಕಾಲುಸಂಕ.
ಈಗ ಖರೀಫ್ ಬೇರೆ. ಇಂದಲ್ಲ ನಾಳೆ
ಬೆಟ್ಟದಿಂದ ತುಂತುರು ಇಳಿದೇ ಇಳಿಯುತ್ತದೆ.
ವರ್ಷವಿಡೀ ಅದಕ್ಕೇ ಕಾಯುವ ಊರು
ಈ ಸಲ ಬೇಡ, ಬೇಡ ಅಂದಿತು.

ತೊಳೆಯಿರಿ ಎನ್ನುತ್ತದೆ ಕಂಪನಿಯ ಪುಸ್ತಕ.
ಇದ್ದದ್ದು ಒಂದು ಟ್ಯಾಂಕರ್ ಸಿಹಿನೀರು,
ಅದು ಡಯಾಲಿಸಿಸ್‌ಗೆ ಬೇಕೆಂದಿತು ಆಸ್ಪತ್ರೆ.
ಎಂಜಿನಿಯರ್ ಮುಸಲ್ಲಮ್ ತಲೆಯ ಮಸರ್ ಬಿಚ್ಚಿ
ಮುಖ ಒರೆಸಿಕೊಂಡು ಕೇಳಿದ,
"ಬೀರಣ್ಣ, ಕೈಯಲ್ಲಿ ಒರೆಸಲಿಕ್ಕೆ ಆಗುತ್ತಾ?"
ಅಂಕೋಲೆಯ ಕಡೆಯ ಆಗೇರ ನಾನು, ಉಪ್ಪಾಗರದವ.
ಪಿಂಗಾಣಿಗೆ ಕೂತ ಉಪ್ಪನ್ನು ಬಲ್ಲೆ. ಇದನ್ನಲ್ಲ.
ಆಗುತ್ತೆ ಅಂದೆ.

ಲೈನ್ ಕಡಿದರು. ಊರು ಕತ್ತಲೆ.
ಎಸಿಗಳು ಒಂದೊಂದೇ ಕೆಮ್ಮಿ ಸುಮ್ಮನಾದ ಮೇಲೆ ಕೇಳಿತು
(ಸದ್ದಿಲ್ಲದೆ ಅಂದಿದ್ದೆನಲ್ಲ, ತಪ್ಪು)
ಪಕ್ಕದ ಮನೆಯಲ್ಲಿ ಯಾರೋ ಅಕ್ಕಿ ಕೇರುವಂತೆ
ಬೂದಿ ಬೀಳುವುದು.

ನಾನು, ತಿಲ್ ಬಹಾದುರ್, ಸಿಲ್ಹೆಟಿನ ರುಕನ್.
ಸೊಂಟಕ್ಕೆ ಬೆಲ್ಟು, ಹಣೆಗೆ ದೀಪ.
ಗಾಜಿನ ಹಿಟ್ಟು ಬಟ್ಟೆಯನ್ನು ತಿನ್ನುತ್ತದೆ;
ತಂದ ಚಿಂದಿ ಎರಡೇ ಕಂಬಕ್ಕೆ ಮುಗಿಯಿತು.

ಯಾರು ಹೇಳಿದರೋ, ಮನೆಮನೆಯಿಂದ ಬಂತು:
ಹೊದಿಕೆ, ಶಾಲೆಯ ಪರದೆ, ಫುಟ್‌ಬಾಲಿನ ಅಂಗಿ.
ತುಫೂಲ್ ಎಂಬ ಮುದುಕಿ ತಂದದ್ದು
ಏಳು ದಿಶ್‌ದಾಶ, ಇಸ್ತ್ರಿ ಮಾಡಿ ಮಡಿಸಿದ್ದು,
ಕೊರಳ ಕುಚ್ಚಿನಲ್ಲಿ ಇನ್ನೂ ಲೋಬಾನದ ವಾಸನೆ.
"ಅವನಿಗೆ ಇನ್ನು ಬೇಡ." ಅಷ್ಟೇ ಅಂದಳು.
ಹರಿಯಲು ನನಗೆ ಕೈ ಬರಲಿಲ್ಲ. ತಿಲ್ ಹರಿದ.

ಒಂದೊಂದು ಬಟ್ಟಲು, ಅದರಡಿಯ ಒಂದೊಂದು ಸುಕ್ಕು,
ಮಗುವಿನ ಕಿವಿಯ ಹಿಂದೆ ಒರೆಸುವ ಹಾಗೆ.
ಕೈಗವಸಿನ ಬೆರಳ ತುದಿ ಸವೆದು ಉಗುರು ಕಂಡಿತು.
ಮೂರೂಕಾಲಿಗೆ ಕೆನ್ನೆಯ ಮೇಲೊಂದು ಹನಿ.
ಇಳಿಯಿರಿ, ಎಂದು ಕೆಳಗಿನಿಂದ ಮುಸಲ್ಲಮ್.
ಕೊನೆಯ ಸರದಲ್ಲಿ ನಾಲ್ಕು ಬಟ್ಟಲು ಉಳಿದಿದ್ದವು.

ಇಳಿದೆವು. ಸ್ವಿಚ್ ಹಾಕಿದರು.
ಆ ನಾಲ್ಕರ ಮೇಲೆ ನೀಲಿ ಹಲ್ಲಿಯೊಂದು ಸರಸರ ಹತ್ತಿ
ಲೊಚಗುಟ್ಟಿ
ಏನು ನೆನಪಾಯಿತೋ, ಅಲ್ಲೇ ಮಾಯವಾಯಿತು.
ದೀಪಗಳು ಉಳಿದವು. ಯಾರೂ ಕೂಗಲಿಲ್ಲ.

ಬೆಳಿಗ್ಗೆ ಚರಂಡಿಯಲ್ಲಿ ಬೂದಿ ಸಿಮೆಂಟಾಗಿತ್ತು.
ಜೇಬಿನಲ್ಲಿ ಉಳಿದಿದ್ದ ಒಂದು ಕುಚ್ಚನ್ನು
ಮರಳಿಸೋಣವೆಂದು ಹೋದರೆ
ತುಫೂಲ್ ಮಾಡಿನ ಮೇಲಿದ್ದಳು, ಸಲಿಕೆ ಹಿಡಿದು.
ಕುಚ್ಚು ತೋರಿಸಿದೆ. ನೋಡಲಿಲ್ಲ.
"ನೆನೆದರೆ ಎರಡರಷ್ಟು ಭಾರ ಇದು,
ಏಣಿ ಹಿಡಿ" ಅಂದಳು.