ಹೂವು: ನೋಡಿಲ್ಲ

ಮೂರನೇ ಮಹಡಿ, ಉತ್ತರದ ಕಿಟಕಿ, ನೂರಾ ಹನ್ನೆರಡನೇ ಬೀರು.
ಅಂಟು ಕಲಸುವುದು ನನ್ನ ಕೆಲಸ,
ಕಳಚಿಬಿದ್ದ ಎಲೆಗಳನ್ನು ಮತ್ತೆ ಹಾಳೆಗೆ ಕೂರಿಸುವುದು,
ಹುಳು ಹೊಕ್ಕಿದೆಯೇ ಎಂದು ಮೂಸಿ ನೋಡುವುದು.
ತೋಮ್ಸ್ಕ್ ಊರಿನ ಹಿಮ ಗಾಜಿಗೆ ಹಣೆ ಹಚ್ಚಿ ನಿಂತಿರುತ್ತದೆ;
ನನ್ನ ಮೇಜಿನ ಮೇಲೆ ಮಾತ್ರ
ಇಪ್ಪತ್ತಾರು ವರ್ಷದಿಂದ ಜುಲೈ.

ಅವೆನೀರ್ ಪ್ರೋಖೊರೊವಿಚ್ ಸುತ್ಯಾಗಿನ್
ಹೆಸರಿಟ್ಟ ಗಿಡಗಳು ಹದಿನೇಳು.
ಹನ್ನೊಂದನ್ನು ಆಮೇಲೆ ಬಂದವರು ಅಳಿಸಿದರು.
ಇದು ಅದೇ, ಅದು ಇದೇ,
ನೆರಳಿಗೆ ನೀಳವಾದದ್ದು, ಗಾಳಿಗೆ ಗಿಡ್ಡವಾದದ್ದು
ಎಂದು ಕಾರಣ ಬರೆದು, ಸಹಿ ಹಾಕಿ.
ಉಳಿದ ಆರರಲ್ಲಿ ಎರಡು ಗುರುಗಳ ಹೆಸರಿನವು,
ಒಂದು ಪಯಣಕ್ಕೆ ದುಡ್ಡು ಕೊಟ್ಟ ತುಪ್ಪಳದ ವ್ಯಾಪಾರಿಯದು,
ಒಂದು ನದಿಯದು,
ಒಂದು ಹೆಂಡತಿಯದು. ಮುಳ್ಳುಗಿಡ;
ತಿಂಗಳು ಮಾತು ಬಿಟ್ಟಿದ್ದಳಂತೆ.

ಇನ್ನೊಂದು, ಕಾಶ್ಕಾ ಎಂಬವರದು.

ಯಾರು ಈ ಕಾಶ್ಕಾ?
ಸೂಚಿಯಲ್ಲಿ ‘ಬಹುಶಃ ಪೋಷಕ’ ಎಂದಿದೆ.
ಯಾರೋ ಪೆನ್ಸಿಲ್ಲಿನಲ್ಲಿ ‘ಜೆಕ್ ವಿದ್ವಾಂಸ?’ ಎಂದು ಗೀಚಿದ್ದಾರೆ.
ಒಂದು ಪ್ರಬಂಧದಲ್ಲಂತೂ ಹುಟ್ಟಿದ ವರ್ಷವೂ ಸಿಕ್ಕಿದೆ.

ಜಗತ್ತಿನಲ್ಲಿ ಅದರ ಹಾಳೆ ಇರುವುದು ಒಂದೇ.
ಆ ಹಾಳೆಯಲ್ಲಿ ಗಿಡ ಇರುವುದು ಅರ್ಧ.
ಬೇರು ಇದೆ, ಬೆಳ್ಳಿ ಕೂದಲಿನ ಎಲೆ ಇದೆ,
ಕಾಂಡ ಏರುತ್ತ ಏರುತ್ತ
ಹೇಳಬೇಕೆಂದಿದ್ದ ಮಾತು ಮರೆತವರ ಹಾಗೆ ನಿಂತುಬಿಟ್ಟಿದೆ.
ಲ್ಯಾಟಿನ್ ವಿವರಣೆಯ ಕೊನೆಗೆ ಆತನ ಸಣ್ಣ ಅಕ್ಷರ:
ಹೂವು, ನೋಡಿಲ್ಲ.

ಆತನ ಸೋದರ ಸೊಸೆ ಬಾರ್ನಾವುಲ್‌ನಿಂದ ಒಂದು ಪೆಟ್ಟಿಗೆ ಕಳಿಸಿದ್ದಳು.
ಯಾರೂ ತೆರೆದಿರಲಿಲ್ಲ.
ಊಟದ ಬಿಡುವಿನಲ್ಲಿ, ಉಪ್ಪುಸೌತೆ ಕಚ್ಚುತ್ತ,
ನಾನು ಆ ದಿನಚರಿ ಓದಿದೆ.

‘ಕಣಿವೆಯ ನೆತ್ತಿ. ಗಾಳಿ. ಹಣೆಯ ಮೇಲೆ ಬಿಳಿ ಪಟ್ಟೆಯ ನಮ್ಮ ಕಾಶ್ಕಾ
ಹೇರು ಹೊತ್ತಂತೆಯೇ ನಿಂತಿತು. ಜಗ್ಗಿದರೆ ಜಗ್ಗದು.
ಏನನ್ನೋ ಮೇಯುತ್ತಿದೆ ಎಂದು ಕೆಳಗಿಳಿದು ನೋಡಿದೆ,
ನನ್ನ ಜನ್ಮದಲ್ಲಿ ಕಾಣದ ಗಿಡ!
ಬಾಯೊಳಗೆ ಕೈ ಹಾಕಿದೆ. ಹೆಬ್ಬೆರಳು ಹೋಗುವುದರಲ್ಲಿತ್ತು.
ಅರ್ಧ ನನಗೆ, ಅರ್ಧ ಅದಕ್ಕೆ.
ಸುತ್ತ ಮೂರು ದಿನ ತೆವಳಿದೆವು. ಇನ್ನೊಂದಿಲ್ಲ.’

ಮುಂದಿನ ಪುಟ:
‘ಹೂವು ಯಾವ ಬಣ್ಣ? ಜೀನಿನ ಮೇಲಿಂದ ಕಿದ್ರಾಶ್ ಕಂಡಿದ್ದನಂತೆ.
ಕ್ಯೋಕ್ ಅನ್ನುತ್ತಾನೆ.
ಅವನ ಅಲ್ತಾಯ್ ಮಾತಿನಲ್ಲಿ ಆಕಾಶವೂ ಕ್ಯೋಕ್, ಹುಲ್ಲೂ ಕ್ಯೋಕ್.
ಆಕಾಶದಂಥ ಕ್ಯೋಕೋ, ಹುಲ್ಲಿನಂಥದೋ ಎಂದರೆ ನಗುತ್ತಾನೆ.
ಅದೇ, ಆ ಕ್ಯೋಕ್, ಅನ್ನುತ್ತಾನೆ.’

ಕತ್ತೆಗೇನು ಗೊತ್ತು ಕಸ್ತೂರಿ ಎಂದು ಆಡಿಕೊಳ್ಳುತ್ತಾರಲ್ಲ,
ಕಸ್ತೂರಿಮೃಗವೇ ಓಡಾಡುವ ಆ ಬೆಟ್ಟಗಳಲ್ಲಿ
ಗೊತ್ತಿದ್ದದ್ದು ಕುದುರೆಗೆ ಮಾತ್ರ.
ಆತ ಏಳು ಬೇಸಿಗೆ ಮರಳಿ ಹೋದ,
ನಾಲ್ಕು ಸಲ ಕಾಶ್ಕಾ ಜೊತೆ, ಲಗಾಮು ಸಡಿಲ ಬಿಟ್ಟು,
ಅದು ಎಲ್ಲಿ ಬಾಯಿ ಹಾಕಿದರೂ ಮಂಡಿಯೂರಿ.
ಐದನೆಯ ಸಲ ಬರಿಯ ಅದರ ಗಂಟೆ, ಚೀಲದಲ್ಲಿ.

ಮೂವತ್ತೇಳರಲ್ಲಿ ಆತನ ಹೆಸರನ್ನೇ
ಯಾರೋ ಪಟ್ಟಿಯಿಂದ ಹೊಡೆದುಹಾಕಿದರು.
ಇದು ಅದೇ, ಅದು ಇದೇ ಎಂಬ ಒಂದು ಸಾಲೂ ಇಲ್ಲ.
ಗಿಡಗಳಿಗಾದರೂ ಕಾರಣ ಬರೆದಿದ್ದರು.

ನಾನು ಸೂಚಿಯನ್ನು ತಿದ್ದಲಿಲ್ಲ. ಯಾಕೋ.
ದಿನಚರಿಯನ್ನು ಅದೇ ಬೀರುವಿನ ತಳದಲ್ಲಿ,
ಹಾಳೆಯ ಕೆಳಗೆ ಇಟ್ಟೆ. ಒಂದರ ಭಾರ ಒಂದಕ್ಕಿರಲಿ.

ಮೊನ್ನೆ ಒಬ್ಬ ಹುಡುಗ ಬಂದ, ಸಾವ್ವಾ ಅಂತ,
ಬಿಳಿ ಕೈಗವಸು, ಪುಟ್ಟ ಕತ್ತರಿ.
ಎಲೆಯ ತುಣುಕು ಬೇಕು, ವಂಶವಾಹಿ ಓದಲಿಕ್ಕೆ,
ಎರಡು ಮಿಲಿಮೀಟರ್ ಸಾಕು ಎಂದ.
ಹೂವಿನ ಬಣ್ಣ ತಿಳಿಯುತ್ತದೆಯೇ ಎಂದು ಕೇಳಿದೆ.
ತಿಳಿದರೂ ತಿಳಿಯಬಹುದು ಎಂದು ಭುಜ ಕುಣಿಸಿದ.

ಕತ್ತರಿ ಎಲೆಯ ಹತ್ತಿರ ಬಂದಾಗ ಹೇಳಿದೆ:
ನೋಡಪ್ಪ, ಇದರಿಂದ ತೆಗೆದುಕೊಳ್ಳುತ್ತಿರುವವರಲ್ಲಿ ನೀನು ಎರಡನೆಯವ.
ಗಾಬರಿಯಿಂದ ದಾಖಲೆ ಪುಸ್ತಕ ತಿರುವಿದ.
ಮೊದಲು ಯಾರು? ಯಾವ ಸಂಸ್ಥೆ?

ಕಾಶ್ಕಾ, ಎಂದೆ.

ಬರೆದುಕೊಂಡ.
ಆಮೇಲೆ ತಲೆ ಎತ್ತಿ
ಇನಿಶಿಯಲ್ ಏನು ಎಂದು ಕೇಳಿದ.