ಪಡುಬಿದ್ರಿಯಲ್ಲಿ ತುಂಡಾದದ್ದು

ಕಂಕನಾಡಿಯ ಸ್ಕ್ಯಾನಿಂಗ್ ಸೆಂಟರಿನ ನೆಲಮಾಳಿಗೆ.
ಹನ್ನೆರಡು ಡಿಸ್ಕು, ಹನ್ನೆರಡು ಹಸಿರು ಕಣ್ಣು,
ಎ.ಸಿ.ಯ ತೊಟ್ಟಿಕ್ಕುವ ನೀರಿಗೆ ಪೇಂಟಿನ ಬಕೆಟ್ಟು.
ಇಲ್ಲಿ ಇದ್ದದ್ದು ಉಡುಪಿಯಲ್ಲೂ ಇರಬೇಕು.
ಇಷ್ಟೇ ನಾನು ಕಾಯುವ ನೇಮ.

ರಾತ್ರಿ ಹನ್ನೊಂದಕ್ಕೆ ಹೊರಡುತ್ತವೆ
ಶ್ವಾಸಕೋಶಗಳು, ಮಂಡಿಚಿಪ್ಪುಗಳು, ಇನ್ನೂ ಹುಟ್ಟದ ಕೂಸುಗಳು
ಕೂಳೂರಿನ ಸೇತುವೆ ದಾಟಿ, ಮೂಲ್ಕಿಯಲ್ಲಿ ಶಾಂಭವಿ ದಾಟಿ,
ಹೆಜಮಾಡಿಯ ಟೋಲಿಗೆ ಚಿಲ್ಲರೆ ಹುಡುಕದೆ,
ಮಲ್ಪೆಗೆ ಹೋಗುವ ಐಸಿನ ಲಾರಿಗಿಂತ ಮೊದಲೇ
ಅಲ್ಲಿ ಮುಟ್ಟುತ್ತವೆ.
ನಕಲು ಎಂದರೆ ಅಷ್ಟು ನಿಯತ್ತು.
ಇಲ್ಲಿ ಒಂದು ಹಲ್ಲು ಕಿತ್ತರೆ
ಅಲ್ಲಿಯೂ ಬಾಯಿ ಬೋಳು.

ಒಂದೂ ನಲವತ್ತಕ್ಕೆ ಪಡುಬಿದ್ರಿಯಲ್ಲಿ ಯಾವನೋ ಜೆಸಿಬಿಯವ
ಚರಂಡಿ ಅಗೆಯುತ್ತ ನಮ್ಮ ಗಾಜಿನ ನೂಲು ಕಡಿದ.
ಪರದೆಯಲ್ಲಿ: ಹಿಂದೆ ಬಿದ್ದಿದೆ ನಾಲ್ಕು ನಿಮಿಷ.
ಒಂಬತ್ತು. ಇಪ್ಪತ್ತೆರಡು.
ಬೈದೆ ಅವನನ್ನು, ಬ್ಯಾರಿಯಲ್ಲೇ,
ಬೈಗುಳಕ್ಕೆ ಉಮ್ಮನ ಭಾಷೆಯೇ ಸೈ.

ಆಮೇಲೆ ಸುಮ್ಮನೆ ಕೂರಬೇಕಿತ್ತು.
ಜಾಗ ಮುಗಿಯಿತೆಂದು ವಾರದಿಂದ ಹಳದಿ ದೀಪ.
ಬಿಡುವಾಗಿದೆಯಲ್ಲ, ಕಸ ತೆಗೆಯೋಣ ಎಂದು
'ಟೆಸ್ಟ್ ಹತ್ತೊಂಬತ್ತು' ಅಳಿಸಲು ಹೋಗಿ
ಬರಿಯ 'ಹತ್ತೊಂಬತ್ತು' ಅಳಿಸಿದೆ.
ಆ ವರ್ಷ ಎದೆಯ ಚಿತ್ರ ತೆಗೆಸಿಕೊಂಡ
ಸಾವಿರದ ಇನ್ನೂರು ಹೆಂಗಸರು
ಎಂಟರ್ ಕೀಲಿಯ ಕೆಳಗೆ, ಸದ್ದಿಲ್ಲದೆ.

ದಿನಕ್ಕೊಂದು ಅಚ್ಚು ತೆಗೆದಿಡುವ ಏರ್ಪಾಡಿತ್ತು.
ಜಾಗ ತಿನ್ನುತ್ತದೆಂದು ಮೇ ತಿಂಗಳಲ್ಲಿ ನಿಲ್ಲಿಸಿದ್ದು
(ಹೆಸರು ಹೇಳಲೇಬೇಕಾದರೆ) ಝುಲೈಖಾ, ಅಂದರೆ ನಾನು.
ಹೊಸ ಡಿಸ್ಕಿನ ಕೊಟೇಶನ್ನು
ಹಿಲ್ಡಾ ಮೊಂತೇರೊ ಮೇಡಮ್ಮಿನ ಟ್ರೇಯಲ್ಲಿ
ಚಾದ ಕಲೆ ಮಾಡಿಕೊಂಡು ಸಹಿಗೆ ಕೂತಿತ್ತು.
ಟೇಪಿನ ಮಾತು ಬೇಡ.

ಬೆವರು ಒಣಗುವಾಗ ಹೊಳೆಯಿತು:
ನನ್ನ ತಪ್ಪಿಗೂ ದಾರಿ ಅದೊಂದೇ.
ಅದೂ ಸರದಿಯಲ್ಲಿ ನಿಂತಿದೆ
ಪಡುಬಿದ್ರಿಯ ಹೊಂಡದ ಈಚೆ ದಡದಲ್ಲಿ.
ಆಚೆ, ಉಡುಪಿಯಲ್ಲಿ,
ಅವರೆಲ್ಲ ಇನ್ನೂ ಇದ್ದಾರೆ.
ಫೋನಿನಲ್ಲಿ ಮೆಸೇಜು: ಜೋಡಿಸುವ ಹುಡುಗರು ಬಂದರು,
ಇನ್ನು ಹತ್ತೇ ನಿಮಿಷ ಮೇಡಂ.
ಜನ್ಮದಲ್ಲಿ ಹೇಳಿದ ಹೊತ್ತಿಗೆ ಬಾರದವರು!

ಕಮಾಂಡು ಕೊಟ್ಟು ತಡೆಯಬಹುದಿತ್ತು.
ಆದರೆ ಬೆರಳಿನ ಮೇಲೆ ನಂಬಿಕೆ ಹೋಗಿತ್ತು.
ನೀಲಿ ವಯರನ್ನು ಗೋಡೆಯಿಂದಲೇ ಕಿತ್ತೆ.
ಒಂದು ಕಡೆ ಸಾಲದು;
ಎರಡು ಕಡೆ ಎಂಬುದೇ ಅಲ್ಲವೆ ನನ್ನ ಕಸುಬು?
ಉಡುಪಿಯ ವಾಚ್‌ಮನ್ ಐತಪ್ಪಣ್ಣನಿಗೆ ಫೋನು.

ಎಂತ ಮೇಡಂ, ಕಳ್ಳರಾ?
ಅಲ್ಲ, ರೂಮಿನೊಳಗೆ ಹೋಗಿ ನೀಲಿ ವಯರು ಎಳೀರಿ.
ಹಾಳಾದ್ರೆ ನನ್ನ ತಲೆಗೆ ಬರ್ತದಾ?
ಇಲ್ಲ, ನನ್ನ ತಲೆಗೆ.
ಚಪ್ಪಲಿಯ ಸದ್ದು, ಬೀಗ, ಒಂದು ಕೆಮ್ಮು,
ನನ್ನ ಕಿವಿಯಲ್ಲಿ ನನ್ನದೇ ರಕ್ತ.
ಎಳೆದೆ ಮಾರಾಯ್ರೆ. ದೀಪ ಹೋಯ್ತು.
ಆ ಕತ್ತಲೆಯಷ್ಟು ಚಂದದ್ದು
ಆ ರಾತ್ರಿ ಇನ್ನೊಂದಿಲ್ಲ.

ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋದೆ.
ಹೊಂಡ ಮುಚ್ಚಿತ್ತು, ಕೆಂಪು ಮಣ್ಣು ಹಸಿಯಾಗಿತ್ತು.
ಜೆಸಿಬಿಯ ಹಲ್ಲಿಗೆ ಯಾರೋ ನಿಂಬೆಹಣ್ಣು ಕಟ್ಟಿದ್ದರು.
ಬೈಗುಳ ವಾಪಸು ತೆಗೆದುಕೊಳ್ಳೋಣವೆಂದರೆ
ಬಸ್ಸು ಅಲ್ಲಿ ನಿಲ್ಲಲಿಲ್ಲ.

ಅಪರಾಹ್ನ ತಿರುಗಿ ಬರುವಾಗ
ಲೇಡೀಸ್ ಸೀಟು, ಮಡಿಲಲ್ಲಿ ಬುತ್ತಿಚೀಲ,
ಚೀಲದಲ್ಲಿ ಟವೆಲು ಸುತ್ತಿದ ಡಿಸ್ಕು.
ಪ್ರತಿ ಹಂಪಿಗೂ ಅಂಗೈ ಅಡ್ಡ ಕೊಡುತ್ತ ಬಂದೆ
ಸಾವಿರದ ಇನ್ನೂರು ಜನರಿಗೆ.
ಕಂಡಕ್ಟರ್ ವಿಸಿಲು ಬಾಯಿಂದ ತೆಗೆದು ಕೇಳಿದ:
ಎಷ್ಟು?

ಒಂದು, ಎಂದೆ. ಜ್ಯೋತಿಗೆ.